ಆಟೋ ಮೋಡ್‌ನಲ್ಲೇ ತೆಗೆದರೆ ತಪ್ಪಾ? ಮನೆಯೊಳಗಿನ ಫೋಟೋಗಳೆಲ್ಲ ಮಸುಕು

ಕಿಟಕಿ_ಪಕ್ಕ:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ತೆಗೆದುಕೊಂಡು ಮೂರು ತಿಂಗಳಾಯಿತು. ಡಿಎಸ್‌ಎಲ್‌ಆರ್, ಜೊತೆಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸ್. ಮೊದಲ ದಿನ ಡಯಲ್ ತಿರುಗಿಸಿ ಆಟೋಗೆ ಇಟ್ಟವಳು ಹೆಚ್ಚುಕಡಿಮೆ ಇನ್ನೂ ಅಲ್ಲೇ ಇದ್ದೇನೆ. ಹೊರಗೆ ಬಿಸಿಲಲ್ಲಿ ತೆಗೆದ ಫೋಟೋಗಳು ಚೆನ್ನಾಗಿಯೇ ಬರುತ್ತವೆ. ತೊಂದರೆ ಇರೋದು ಮನೆಯೊಳಗೆ. ಸಂಜೆ ದೀಪ ಹಾಕಿದ ಮೇಲೆ ಮಗಳ ಫೋಟೋ ತೆಗೆಯಲು ಹೋದರೆ ಫ್ಲಾಶ್ ಟಪ್ ಅಂತ ಎದ್ದು ನಿಲ್ಲುತ್ತದೆ. ಮುಖ ಸುಣ್ಣ ಬಳಿದ ಹಾಗೆ ಬಿಳಿ, ಹಿಂದೆಲ್ಲ ಕತ್ತಲು. ಅದು ಬೇಡ ಅಂತ ಡಯಲ್ ಮೇಲೆ ಮಿಂಚಿನ ಗುರುತಿಗೆ ಅಡ್ಡ ಗೆರೆ ಎಳೆದಿದೆಯಲ್ಲ, ಆ ಫ್ಲಾಶ್ ಇಲ್ಲದ ಆಟೋಗೆ ತಿರುಗಿಸಿದೆ. ಈಗ ಬಣ್ಣ ಚೆನ್ನಾಗಿದೆ, ಆದರೆ ಹತ್ತರಲ್ಲಿ ಎಂಟು ಮಸುಕು.

ಗೊತ್ತಿರುವವರೊಬ್ಬರಿಗೆ ತೋರಿಸಿದೆ. "ಆಟೋದಲ್ಲೇ ತೆಗೆಯೋದಾದರೆ ಇಷ್ಟು ದೊಡ್ಡ ಕ್ಯಾಮೆರಾ ಯಾಕೆ ಬೇಕಿತ್ತು" ಅಂದರು. ಮನಸ್ಸಿಗೆ ಚುಚ್ಚಿತು. ಎಲ್ಲವನ್ನೂ ನಾವೇ ಹೊಂದಿಸಬೇಕಾದ ಎಂ (ಮ್ಯಾನ್ಯುಯಲ್) ಮೋಡ್ ಹಾಕಿ ನೋಡಿದೆ. ಫೋಟೋ ಪೂರ್ತಿ ಕಪ್ಪಾಗಿ ಬಂತು.

ಮಗಳಿಗೆ ನಾಲ್ಕು ವರ್ಷ. ನಾನು ಎಲ್ಲ ಕಲಿಯುವ ತನಕ ಅವಳು ಹೀಗೇ ಇರುವುದಿಲ್ಲ ಅಲ್ವಾ? ಆಟೋದಲ್ಲೇ ಇದ್ದುಕೊಂಡು ಏನಾದರೂ ಸರಿ ಮಾಡಬಹುದಾ?

ನೇರ_ನೋಟ:

ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು, ಕ್ಷಮಿಸಿ. ಆಟೋದಲ್ಲಿ ಇರುವಷ್ಟು ದಿನ ನೀವು ಕಲಿಯುವುದಿಲ್ಲ. ನಾನು ಎರಡು ವರ್ಷ ಆಟೋದಲ್ಲಿ ಕಳೆದೆ. ಫೋಟೋ ಚೆನ್ನಾಗಿ ಬಂದರೆ ಯಾಕೆ ಬಂತು ಅಂತ ಗೊತ್ತಾಗುತ್ತಿರಲಿಲ್ಲ, ಕೆಟ್ಟರೆ ಯಾಕೆ ಕೆಟ್ಟಿತು ಅಂತಲೂ ಗೊತ್ತಾಗುತ್ತಿರಲಿಲ್ಲ. ಒಂದು ತಿಂಗಳು ಹಟ ಹಿಡಿದು ಎಂ ಮೋಡ್‌ನಲ್ಲೇ ತೆಗೆಯಿರಿ. ಮೊದಲ ವಾರ ಕಷ್ಟ, ಆಮೇಲೆ ಕೈಗೆ ಬರುತ್ತದೆ.

ಹಳೇ_ಲೆನ್ಸ್:

ಕಿಟಕಿ_ಪಕ್ಕ ಅವರೇ, ಮೊದಲು ಒಂದು ಮಸುಕಾದ ಫೋಟೋದ ವಿವರ ಇಲ್ಲಿ ಹಾಕಿ. ಕ್ಯಾಮೆರಾದ ಪ್ಲೇ ಗುಂಡಿ ಒತ್ತಿ, ಫೋಟೋ ತೆರೆದು, ಇನ್ಫೋ ಅಥವಾ ಡಿಸ್ಪ್ಲೇ ಅಂತ ಇರುವ ಗುಂಡಿಯನ್ನು ಒಂದೆರಡು ಸಲ ಒತ್ತಿದರೆ ಅಂಕಿಗಳು ಬರುತ್ತವೆ. ಶಟರ್ (ಬೆಳಕು ಒಳಗೆ ಬಿಡುವ ಸಮಯ), ಅಪರ್ಚರ್ (ಲೆನ್ಸ್ ಕಂಡಿಯ ಅಗಲ, ಎಫ್ ಸಂಖ್ಯೆ ಚಿಕ್ಕದಾದಷ್ಟು ಅಗಲ ಜಾಸ್ತಿ), ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನೋದು). ಎಷ್ಟು ಜೂಮ್ ಮಾಡಿದ್ದಿರಿ ಅನ್ನೋದೂ ಬೇಕು. ಕ್ಯಾಮೆರಾ ಪ್ರತಿ ಫೋಟೋದ ಜೊತೆಗೂ ಇದನ್ನು ಬರೆದಿಡುತ್ತದೆ, ಎಕ್ಸಿಫ್ ಅನ್ನುತ್ತಾರೆ. ಆಟೋದಲ್ಲಿ ನೀವು ಆರಿಸದೇ ಇದ್ದರೂ ಕ್ಯಾಮೆರಾ ಏನು ಆರಿಸಿತು ಅನ್ನೋದು ಅಲ್ಲಿ ಸಿಗುತ್ತದೆ.

ಕಿಟಕಿ_ಪಕ್ಕ:

ಸಿಕ್ಕಿತು ಸರ್. ಮಗಳು ಗೊಂಬೆಗೆ ತಲೆ ಬಾಚುತ್ತಿದ್ದ ಫೋಟೋ. 1/30 ಸೆಕೆಂಡ್, ಎಫ್5.6, ಐಎಸ್‌ಒ 1600, 55 ಮಿ.ಮೀ. ಗೋಡೆ ಮೇಲಿನ ಗಡಿಯಾರ ಸ್ಪಷ್ಟವಾಗಿದೆ, ಅಂಕಿ ಓದಬಹುದು. ಮಗಳ ಬಲಗೈ ಮಾತ್ರ ಹೊಗೆ ಹಾಗೆ ಇದೆ.

ಹಳೇ_ಲೆನ್ಸ್:

ಗಡಿಯಾರ ಸ್ಪಷ್ಟ, ಕೈ ಹೊಗೆ. ಇದರಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಕೈ ನಡುಗಿದ್ದರೆ ಗಡಿಯಾರವೂ ಮಸುಕಾಗಬೇಕಿತ್ತು. ಫೋಕಸ್ ತೀರಾ ತಪ್ಪಿದ್ದರೆ ಮಗಳು ಇಡೀ ಮಸುಕಾಗಬೇಕಿತ್ತು. ಹಾಗಾಗಿ ಇದು ಅಲುಗಾಟದ ಮಸುಕು, ಅದೂ ಮಗಳ ಅಲುಗಾಟ.

ಲೆಕ್ಕ ಹಾಕಿ ನೋಡಿ. ತಲೆ ಬಾಚುವ ಕೈ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಯಿತು ಅಂದುಕೊಳ್ಳಿ, ಅದು ಜಾಸ್ತಿ ಏನಲ್ಲ. 1/30 ಸೆಕೆಂಡ್ ಶಟರ್ ತೆರೆದಿದ್ದರೆ ಅಷ್ಟರಲ್ಲಿ ಕೈ 3 ಸೆಂಟಿಮೀಟರ್‌ಗೂ ಜಾಸ್ತಿ ಸರಿದಿರುತ್ತದೆ. 1/250 ಆಗಿದ್ದರೆ ಬರೀ 4 ಮಿಲಿಮೀಟರ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಕ್ಯಾಮೆರಾ 1/250 ಯಾಕೆ ಆರಿಸಲಿಲ್ಲ? ಸಾಮಾನ್ಯ ಆಟೋಗೆ ಗೊತ್ತಾಗೋದು ಬೆಳಕು ಎಷ್ಟಿದೆ ಅನ್ನೋದು. ನಿಮ್ಮ ಮಗಳು ಆಡುತ್ತಿದ್ದಾಳಾ, ನಿದ್ದೆ ಮಾಡುತ್ತಿದ್ದಾಳಾ ಅಂತ ಅದು ಕೇಳಿಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿದರೆ ಪರವಾಗಿಲ್ಲ ಅನ್ನುವಷ್ಟು ಶಟರ್ ಸಿಕ್ಕರೆ ಅದಕ್ಕೆ ಸಾಕು. ಹೊಸ ಕ್ಯಾಮೆರಾಗಳು ಮುಖ ಗುರುತಿಸುತ್ತವೆ, ಕೆಲವು ಅಲುಗಾಟವನ್ನೂ ಗಮನಿಸಿ ಶಟರ್ ಏರಿಸುತ್ತವೆ. ಎಲ್ಲವೂ ಅಲ್ಲ.

ಈಗ ಆಟೋ ಬಿಡದೇ ನೀವು ಮಾಡಬಹುದಾದ್ದು. ಜೂಮ್ ಮಾಡಬೇಡಿ, ಹತ್ತಿರ ಹೋಗಿ. ನಿಮ್ಮ ಲೆನ್ಸ್ 55ರಲ್ಲಿ ಎಫ್5.6ಕ್ಕಿಂತ ಅಗಲ ತೆರೆಯುವುದಿಲ್ಲ. ಜೂಮ್ ಮಾಡದೇ 18ರಲ್ಲಿ ಇಟ್ಟರೆ ಎಫ್3.5 ತನಕ ತೆರೆಯುತ್ತದೆ. ಎರಡೂವರೆ ಪಟ್ಟು ಬೆಳಕು ಜಾಸ್ತಿ! ಅದೇ ಕೋಣೆ, ಅದೇ ದೀಪ, ಶಟರ್ ಮಾತ್ರ 1/30ರಿಂದ ಸುಮಾರು 1/80ಕ್ಕೆ ಹೋಗುತ್ತದೆ. ಒಂದೇ ಎಚ್ಚರ. ತೀರಾ ಮೂಗಿನ ಹತ್ತಿರ ಹೋಗಿ 18ರಲ್ಲಿ ಮುಖ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. 24 ಅಥವಾ 28ರ ಹತ್ತಿರ ಇಟ್ಟುಕೊಂಡು, ಕೋಣೆಯೂ ಸ್ವಲ್ಪ ಕಾಣುವ ಹಾಗೆ ತೆಗೆಯಿರಿ.

ಇದಕ್ಕಿಂತ ದೊಡ್ಡ ಮದ್ದು ಕಿಟಕಿ. ನಿಮ್ಮ ಹೆಸರಲ್ಲೇ ಇದೆಯಲ್ಲ. ಹಗಲು ಹೊತ್ತು ಕಿಟಕಿ ಪಕ್ಕದ ಬೆಳಕು ನಿಮ್ಮ ಸಂಜೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಗೊಂಬೆ, ಬಾಚಣಿಗೆ ಎಲ್ಲ ತೆಗೆದುಕೊಂಡು ಹೋಗಿ ಅಲ್ಲಿ ಇಡಿ. ಮಗು ತಾನಾಗಿಯೇ ಅಲ್ಲಿಗೆ ಬರುತ್ತದೆ.

ಹೊಸ_ಕಣ್ಣು:

ಲೆನ್ಸ್ ಮೇಲೆ ಅಲುಗಾಟ ತಡೆಯುವ ಸ್ವಿಚ್ ಇದೆಯಲ್ಲ, ಅದನ್ನು ಆನ್ ಮಾಡಿದರೆ ಆಗೋದಿಲ್ವಾ?

ಹಳೇ_ಲೆನ್ಸ್:

ಅದು ನಿಮ್ಮ ಕೈಯ ಅಲುಗಾಟವನ್ನು ಮಾತ್ರ ತಡೆಯುತ್ತದೆ. ಗಡಿಯಾರ ಸ್ಪಷ್ಟವಾಗಿ ಬಂದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಎದುರಿಗಿರುವವರು ಅಲುಗಾಡಿದರೆ ಅದರ ಕೈಲಿ ಏನೂ ಆಗುವುದಿಲ್ಲ.

ಮೂರು_ಕಾಲು:

ಫ್ಲಾಶ್ ಬಗ್ಗೆ ನನ್ನದೊಂದು ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ಅಣ್ಣನ ಮಗಳ ಡ್ಯಾನ್ಸ್ ಇತ್ತು. ನಾವು ಕೂತದ್ದು ವೇದಿಕೆಯಿಂದ ಸುಮಾರು 20 ಮೀಟರ್ ದೂರ. ಆಟೋದಲ್ಲಿ ಇಟ್ಟು ತೆಗೆದೆ, ಪ್ರತಿ ಸಲವೂ ಫ್ಲಾಶ್ ಹೊಡೆಯಿತು. ಮನೆಗೆ ಬಂದು ನೋಡಿದರೆ ಮುಂದಿನ ಸಾಲಿನವರ ತಲೆಗಳು ಬೆಳ್ಳಗೆ, ಆ ಕಡೆ ವೇದಿಕೆ ಕತ್ತಲಲ್ಲಿ. ಹುಡುಗಿ ಎಲ್ಲಿದ್ದಾಳೆ ಅಂತ ಹುಡುಕಬೇಕು. ನೂರಕ್ಕೂ ಜಾಸ್ತಿ ಫೋಟೋ, ಒಂದೂ ಕೊಡುವ ಹಾಗಿರಲಿಲ್ಲ. ಅವಳು ಕೇಳಿದಾಗ ಹೇಳಲು ನನ್ನ ಹತ್ತಿರ ಮಾತೇ ಇರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಕ್ಯಾಮೆರಾದ ಮೇಲೆ ಇರುವ ಪುಟ್ಟ ಫ್ಲಾಶ್‌ಗೆ ಗೈಡ್ ನಂಬರ್ ಅಂತ ಇರುತ್ತದೆ, ಸಾಮಾನ್ಯವಾಗಿ 12ರ ಆಸುಪಾಸು. ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಐಎಸ್‌ಒ 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅಂತ ಸಿಗುತ್ತದೆ. ಎಫ್4 ಆದರೆ 3 ಮೀಟರ್. ಐಎಸ್‌ಒ 400 ಆದರೆ 6 ಮೀಟರ್. 20 ಮೀಟರ್ ಎಲ್ಲಿಂದ ಬರಬೇಕು? ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ವೇದಿಕೆ ಮೇಲೆ ಬೇಕಾದಷ್ಟು ದೀಪ ಇತ್ತು. ಫ್ಲಾಶ್ ಮುಚ್ಚಿದ್ದರೆ ಕ್ಯಾಮೆರಾ ಆ ದೀಪಗಳನ್ನೇ ನಂಬಿಕೊಂಡು ತೆಗೆಯುತ್ತಿತ್ತು.

ವಿಚಿತ್ರ ಅಂದರೆ ಫ್ಲಾಶ್ ನಿಜವಾಗಿ ಬೇಕಾಗಿರುವುದು ಮಧ್ಯಾಹ್ನದ ಬಿಸಿಲಲ್ಲಿ. ಸೂರ್ಯ ನೆತ್ತಿ ಮೇಲಿದ್ದಾಗ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಎರಡು ಮೀಟರ್ ದೂರದಿಂದ ಒಂದು ಪುಟ್ಟ ಫ್ಲಾಶ್ ಹೊಡೆದರೆ ಆ ನೆರಳು ತಿಳಿಯಾಗುತ್ತದೆ. ಅಷ್ಟು ಬೆಳಕಿರುವಾಗ ಆಟೋ ಮಾತ್ರ ಸಾಮಾನ್ಯವಾಗಿ ಫ್ಲಾಶ್ ಎತ್ತುವುದಿಲ್ಲ.

ನೆರಳು:

ನನ್ನ ಪ್ರಶ್ನೆಯನ್ನೂ ಇಲ್ಲೇ ಕೇಳಬಹುದಾ? ನಮ್ಮ ಮನೆ ನಾಯಿ ಕಡುಗಪ್ಪು. ಫೋಟೋದಲ್ಲಿ ಅದು ಬೂದಿ ಹಚ್ಚಿದ ಹಾಗೆ ಬರುತ್ತದೆ. ಅದೇ ಬಿಳಿ ಗೋಡೆ ಮುಂದೆ ಅಪ್ಪನನ್ನು ನಿಲ್ಲಿಸಿ ತೆಗೆದರೆ ಅಪ್ಪ ಕಪ್ಪಾಗುತ್ತಾರೆ, ಗೋಡೆ ಕೊಳಕಾಗಿ ಕಾಣುತ್ತದೆ. ಕ್ಯಾಮೆರಾದ ಬೆಳಕಿನ ಮೀಟರ್ ಕೆಟ್ಟಿದೆಯಾ?

ಸಂಜೆ_ಬೆಳಕು:

ಕೆಟ್ಟಿಲ್ಲ, ಹೆದರಬೇಡಿ. ಬೆಳಕಿನ ಮೀಟರ್ ಎದುರಿಗಿರುವುದು ನಾಯಿ ಅಂತಲೋ ಗೋಡೆ ಅಂತಲೋ ನೋಡುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಕಲೆಸಿದರೆ ಒಂದು ನಡುಬೂದು ಬರಬೇಕು ಅನ್ನುವ ಲೆಕ್ಕ ಅದರದ್ದು. ಅಂಗೈಯಷ್ಟು ಬೂದು ಕಾರ್ಡ್‌ಗಳು ಸಿಗುತ್ತವಲ್ಲ, ಬಿದ್ದ ಬೆಳಕಿನಲ್ಲಿ 18% ವಾಪಸ್ ಕಳಿಸುವಂಥವು, ಹೆಚ್ಚುಕಡಿಮೆ ಆ ಬಣ್ಣ. ಚೌಕಟ್ಟಿನ ತುಂಬ ಕಪ್ಪು ನಾಯಿ ಇದ್ದರೆ "ಬೆಳಕು ಕಡಿಮೆ ಇದೆ" ಅಂದುಕೊಂಡು ಏರಿಸುತ್ತದೆ. ಬಿಳಿ ಗೋಡೆಯೇ ತುಂಬಿದ್ದರೆ "ಜಾಸ್ತಿ ಆಯಿತು" ಅಂತ ಇಳಿಸುತ್ತದೆ. ಹಿಮ, ಮಂಜು, ಮರಳು, ಬಿಳಿ ಬಟ್ಟೆ ಎಲ್ಲದಕ್ಕೂ ಇದೇ ಕಥೆ. ಈಗಿನ ಕ್ಯಾಮೆರಾಗಳು ಚೌಕಟ್ಟನ್ನು ತುಂಡು ತುಂಡಾಗಿ ಅಳೆದು ಹೋಲಿಸುವುದರಿಂದ ತಪ್ಪು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಇದನ್ನು ಸರಿ ಮಾಡಲು ಎಂ ಮೋಡ್ ತನಕ ಹೋಗಬೇಕಿಲ್ಲ. ಡಯಲ್‌ನಲ್ಲಿ ಆಟೋದಿಂದ ಸ್ವಲ್ಪ ಸರಿದು ಪಿ ಅಕ್ಷರಕ್ಕೆ ಬನ್ನಿ. ಪಿ ಅಂದರೆ ಪ್ರೋಗ್ರಾಂ. ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾವೇ ಆರಿಸುತ್ತದೆ, ಆಟೋದ ಹಾಗೇ. ಆದರೆ ಮುಚ್ಚಿದ್ದ ಬಾಗಿಲುಗಳು ತೆರೆಯುತ್ತವೆ. ಫ್ಲಾಶ್ ಬೇಕಾ ಬೇಡವಾ ಅಂತ ನೀವು ಹೇಳಬಹುದು. ಐಎಸ್‌ಒ ನಿಮ್ಮ ಕೈಗೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಕೂಡಿಸು ಕಳೆ ಗುರುತಿನ ಗುಂಡಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಕ್ಯಾಮೆರಾದ ಲೆಕ್ಕಕ್ಕಿಂತ ಫೋಟೋವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವುದು. ಎಷ್ಟೋ ಕ್ಯಾಮೆರಾಗಳಲ್ಲಿ ಪೂರ್ತಿ ಆಟೋದಲ್ಲಿ ಇದು ಕೆಲಸವೇ ಮಾಡುವುದಿಲ್ಲ. ಬಿಳಿ ಗೋಡೆಗೆ +1, ಕಪ್ಪು ನಾಯಿಗೆ -1 ಇಟ್ಟು ಒಂದು ಸಲ ತೆಗೆದು ನೋಡಿ. ಬಿಳಿಗೆ ಏರಿಸಬೇಕು, ಕಪ್ಪಿಗೆ ಇಳಿಸಬೇಕು ಅನ್ನೋದು ಮೊದಲು ತಿರುಗುಮುರುಗು ಅನ್ನಿಸುತ್ತದೆ.

ನನ್ನ ಹೆಸರಿಗೆ ತಕ್ಕ ಹಾಗೆ ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಸೂರ್ಯ ಮುಳುಗುವಾಗ ಆಕಾಶ ಕೆಂಡದ ಹಾಗಿತ್ತು, ಫೋಟೋದಲ್ಲಿ ಸಪ್ಪೆ ಅಂತ ತುಂಬಾ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದು ಬೆಳಕಿನ ಬಣ್ಣವನ್ನು ತಾನೇ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಕೆಲಸ. ಕೆಂಪು ಜಾಸ್ತಿ ಕಂಡರೆ ಏನೋ ತಪ್ಪಾಗಿದೆ ಅಂತ ತಿಳಿದು ನೀಲಿ ಬೆರೆಸಿ ಸರಿ ಮಾಡುತ್ತದೆ. ಪಿ ಮೋಡ್‌ನಲ್ಲಿ ವೈಟ್ ಬ್ಯಾಲೆನ್ಸನ್ನು ಕ್ಲೌಡಿ ಅಥವಾ ಶೇಡ್‌ಗೆ ಇಟ್ಟರೆ ನೀವು ಕಂಡ ಕೆಂಪು ಉಳಿಯುತ್ತದೆ.

ನೇರ_ನೋಟ:

ಇದನ್ನೇ ನಾನು ಹೇಳಿದ್ದು. ಕೊನೆಗೆ ಎಲ್ಲರೂ ಆಟೋದಿಂದ ಹೊರಗೆ ಬರಲೇಬೇಕಲ್ಲ. ಹಾಗಿದ್ದ ಮೇಲೆ ಪಿ ಅಂತ ನಡುದಾರಿಯಲ್ಲಿ ನಿಲ್ಲುವುದು ಯಾಕೆ?

ಹಳೇ_ಲೆನ್ಸ್:

ನೇರ_ನೋಟ ಅವರೇ, ನಿಮ್ಮ ಕಾಳಜಿ ಅರ್ಥ ಆಗುತ್ತದೆ. ಎಂ ಮೋಡ್‌ಗೆ ಅದರದ್ದೇ ಜಾಗ ಇದೆ. ರಾತ್ರಿ ನಕ್ಷತ್ರ, ಸಿಡಿಲು, ಒಂದೇ ಬೆಳಕಿನಲ್ಲಿ ಸಾಲಾಗಿ ಹತ್ತು ಫೋಟೋ, ಸ್ಟುಡಿಯೋ ಫ್ಲಾಶ್, ಇಲ್ಲೆಲ್ಲ ನಾನೂ ಅದನ್ನೇ ಹಾಕುತ್ತೇನೆ. ಆದರೆ ಹೊಸಬರು ಎಂ ಹಾಕಿ ಏನು ಮಾಡುತ್ತಾರೆ ನೋಡಿದ್ದೀರಾ? ವ್ಯೂಫೈಂಡರ್ ಕೆಳಗಿನ ಅಳತೆಪಟ್ಟಿಯ ಮುಳ್ಳು ಸೊನ್ನೆಗೆ ಬರುವ ತನಕ ಚಕ್ರ ತಿರುಗಿಸುತ್ತಾರೆ. ಆ ಸೊನ್ನೆಯೂ ಅದೇ ನಡುಬೂದಿನ ಸೊನ್ನೆ. ಕ್ಯಾಮೆರಾ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಾಡುತ್ತಿದ್ದ ಕೆಲಸವನ್ನು ಇವರು ಹತ್ತು ಸೆಕೆಂಡ್‌ನಲ್ಲಿ ಕೈಯಾರೆ ಮಾಡಿದರು, ಅಷ್ಟೇ. ಅಷ್ಟರಲ್ಲಿ ನಾಲ್ಕು ವರ್ಷದ ಮಗು ಎದ್ದು ಹೋಗಿರುತ್ತದೆ.

ಇನ್ನೊಂದು, ಆಟೋ ಅಂದರೆ ಕೀಳು ಅನ್ನುವ ಭಾವನೆ ನನಗೆ ತುಂಬಾ ಬೇಸರ ತರುತ್ತದೆ. 1888ರಲ್ಲಿ ಈಸ್ಟ್‌ಮನ್ ಕೊಡ್ಯಾಕ್ ಕ್ಯಾಮೆರಾ ತಂದಾಗ ಅದರಲ್ಲಿ ನೂರು ಫೋಟೋಗೆ ಆಗುವಷ್ಟು ಫಿಲ್ಮ್ ತುಂಬಿಯೇ ಕೊಡುತ್ತಿದ್ದರು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಫೋಟೋ ತೊಳೆದು, ಹೊಸ ಫಿಲ್ಮ್ ಹಾಕಿ ವಾಪಸ್ ಕೊಡುತ್ತಿದ್ದರು. ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ ಅನ್ನೋದೇ ಅವರ ಜಾಹೀರಾತು. ಮನೆಮಂದಿಯ ಫೋಟೋ ಮನೆಯವರೇ ತೆಗೆಯೋದು ಅನ್ನುವ ಅಭ್ಯಾಸ ಹಬ್ಬಿದ್ದೇ ಇಂಥ ಕ್ಯಾಮೆರಾಗಳಿಂದ. 1938ರಲ್ಲಿ ಸೂಪರ್ ಕೊಡ್ಯಾಕ್ ಸಿಕ್ಸ್-20 ತಾನೇ ಬೆಳಕು ಅಳೆದು ಅಪರ್ಚರ್ ಹೊಂದಿಸಿತು. 1977ರಲ್ಲಿ ಕೊನಿಕಾ ಸಿ35 ಎಎಫ್ ತಾನೇ ಫೋಕಸ್ ಮಾಡುವ ಕ್ಯಾಮೆರಾವನ್ನು ಜನರ ಕೈಗೆ ಕೊಟ್ಟಿತು. 1978ರ ಕ್ಯಾನನ್ ಎ-1ರಲ್ಲಿ ಪ್ರೋಗ್ರಾಂ ಮೋಡ್ ಬಂತು, 1983ರ ನಿಕಾನ್ ಎಫ್‌ಎ ಚೌಕಟ್ಟನ್ನು ಐದು ಭಾಗ ಮಾಡಿ ಬೆಳಕು ಅಳೆಯಿತು. ನಾವು ಇವತ್ತು ಸುಮ್ನೆ ಒತ್ತುವ ಆ ಗುಂಡಿಯ ಹಿಂದೆ ಇಷ್ಟು ಜನರ ಬುದ್ಧಿ ಕೂತಿದೆ. ಅದನ್ನು ಬಳಸುವುದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ.

ನೇರ_ನೋಟ:

ಮಗು ಎದ್ದು ಹೋಗುವ ಮಾತು ಒಪ್ಪಿದೆ. ನಾನು ತೆಗೆಯುವುದು ಹೆಚ್ಚಾಗಿ ಕಟ್ಟಡ, ಗುಡ್ಡ. ಅವು ಕಾಯುತ್ತವೆ. ಆದರೂ ಎಕ್ಸಿಫ್ ನೋಡದೇ ಬರೀ ಒತ್ತುತ್ತಾ ಹೋಗಬೇಡಿ ಅನ್ನುವ ಮಾತಿಗೆ ನಾನು ಅಂಟಿಕೊಳ್ಳುತ್ತೇನೆ.

ಹೊಸ_ಕಣ್ಣು:

ಮಸುಕು ಅಂದಾಗ ನೆನಪಾಯಿತು. ಮೃಗಾಲಯದಲ್ಲಿ ಹುಲಿ ಫೋಟೋ ತೆಗೆದೆ. ಮುಂದಿನ ಜಾಲರಿಯ ಒಂದೊಂದು ತಂತಿಯೂ ಸ್ಪಷ್ಟ, ಹುಲಿ ಮಾತ್ರ ಕೇಸರಿ ಬಣ್ಣದ ಮೋಡ. ಇದಕ್ಕೇನು ಮಾಡಬೇಕು?

ಮೂರು_ಕಾಲು:

ಆಟೋದಲ್ಲಿ ಫೋಕಸ್ ಎಲ್ಲಿ ಅಂತ ಕ್ಯಾಮೆರಾವೇ ಆರಿಸುತ್ತದೆ. ಮುಖ ಸಿಗದಿದ್ದರೆ ಹೆಚ್ಚಾಗಿ ಅದು ಹಿಡಿಯುವುದು ಎಲ್ಲಕ್ಕಿಂತ ಹತ್ತಿರ ಇರುವ, ಗೆರೆಗಳು ಎದ್ದು ಕಾಣುವ ವಸ್ತುವನ್ನು. ಜಾಲರಿಗೆ ಆ ಎರಡೂ ಗುಣ ಇದೆ. ಹುಲಿ ಜಾಲರಿಯಿಂದ ಸಾಕಷ್ಟು ದೂರ ಹೋದ ಮೇಲೆ, ಕಟಕಟೆಯ ಈಚೆ ನಿಂತೇ, ಪೂರ್ತಿ ಜೂಮ್ ಮಾಡಿ ತೆಗೆಯಿರಿ. ಹಾಗೆ ಮಾಡಿ ಹುಲಿಗೆ ಫೋಕಸ್ ಸಿಕ್ಕರೆ ಜಾಲರಿ ಕರಗಿ ತೆಳುವಾಗುತ್ತದೆ. ಪಿ ಮೋಡ್‌ನಲ್ಲಿ ಒಂದೇ ಫೋಕಸ್ ಚೌಕ ಆರಿಸಿಕೊಂಡು ಅದನ್ನು ಹುಲಿಯ ಮೇಲೆ ಇಡಬಹುದು. ಟಚ್ ಸ್ಕ್ರೀನ್ ಇದ್ದರೆ ಬೆರಳಲ್ಲಿ ಮುಟ್ಟಿ ತೋರಿಸಿದರೂ ಆಯಿತು.

ಗುಂಡಿ ಒತ್ತುವ ರೀತಿಯೂ ಇದೆ. ಯಾರೂ ಇದನ್ನು ಹೇಳಿಕೊಡುವುದಿಲ್ಲ ಅನ್ನೋದು ನನಗೆ ಬೇಜಾರು. ಬೆರಳನ್ನು ಗುಂಡಿಯ ಮೇಲೆ ಚಪ್ಪಟೆಯಾಗಿ ಇಟ್ಟು ಮೆಲ್ಲಗೆ ಒತ್ತಿ. ಅರ್ಧ ದಾರಿಯಲ್ಲಿ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲೇ ನಿಲ್ಲಿಸಿ. ಲೆನ್ಸ್ ಒಳಗೆ ಗುರ್ ಅಂದು ನಿಲ್ಲುತ್ತದೆ, ಬೀಪ್ ಅನ್ನುತ್ತದೆ, ಯಾವುದೋ ಒಂದು ಚೌಕ ಹೊಳೆಯುತ್ತದೆ. ಆ ಚೌಕ ಹೊಳೆದದ್ದು ನಿಮಗೆ ಬೇಕಾದ ಜಾಗದಲ್ಲೇನಾ? ಅಲ್ಲದಿದ್ದರೆ ಬೆರಳು ಎತ್ತಿ ಮತ್ತೆ ಒತ್ತಿ. ಸರಿಯಾದ ಜಾಗ ಸಿಕ್ಕರೆ ಬೆರಳು ಎತ್ತದೇ, ಬೇಕಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಚೌಕಟ್ಟು ಸರಿಮಾಡಿಕೊಂಡು, ಉಳಿದರ್ಧ ಒತ್ತಿ. ಒಂದೇ ಸಲ ಗಬಕ್ಕನೆ ಒತ್ತಿದರೆ ಫೋಕಸ್ ಎಲ್ಲಿಗೆ ಹೋಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ, ಜೊತೆಗೆ ಕ್ಯಾಮೆರಾನೂ ಕುಲುಕುತ್ತದೆ.

ಕಿಟಕಿ_ಪಕ್ಕ:

ಅಯ್ಯೋ, ಆ ತಡೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! ಈಗ ಒತ್ತಿ ನೋಡಿದೆ. ನಿಜವಾಗಿಯೂ ಇದೆ. ಒಂದು ವಾರ ಸಮಯ ಕೊಡಿ, ಮಾಡಿ ನೋಡಿ ಬಂದು ಹೇಳುತ್ತೇನೆ.

ಕಿಟಕಿ_ಪಕ್ಕ:

ಬಂದೆ. ಒಂಬತ್ತು ದಿನ ಆಯಿತು.

ಮಗಳದ್ದು 112 ಫೋಟೋ ತೆಗೆದೆ, ಎಲ್ಲ ಬೆಳಿಗ್ಗೆ ಕಿಟಕಿ ಹತ್ತಿರ. ಒಂದೊಂದನ್ನೂ ತೆರೆದು ಅಂಕಿ ನೋಡಿದೆ. 1/125ಕ್ಕಿಂತ ಮೇಲಿದ್ದವು ಹೆಚ್ಚುಕಡಿಮೆ ಎಲ್ಲ ಚೆನ್ನಾಗಿವೆ. ಓಡುತ್ತಿದ್ದಾಗ ತೆಗೆದವು ಮಾತ್ರ ಇನ್ನೂ ಕೆಡುತ್ತಿವೆ. ಓಡುವ ಮನುಷ್ಯನ ಚಿತ್ರ ಇರುವ ಮೋಡ್ ಹಾಕಿ ಅಂಗಳದಲ್ಲಿ ತೆಗೆದೆ, 1/500 ಬಂತು. ಅವಳ ಕೂದಲು ಗಾಳಿಯಲ್ಲಿ ನಿಂತ ಹಾಗಿದೆ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಬೇರೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ಹೊಸೆದು, ಸೂಜಿಯನ್ನು ಬೆಳಕಿಗೆ ಹಿಡಿದರು. ನಾನು ಎದುರಿಗೆ ನೆಲದ ಮೇಲೆ ಕೂತೆ. ಅರ್ಧ ಒತ್ತಿದೆ, ಬೀಪ್ ಅಂತು, ಉಸಿರು ಹಿಡಿದು ಉಳಿದರ್ಧ ಒತ್ತಿದೆ. ಆಟೋ, ಫ್ಲಾಶ್ ಇಲ್ಲ. 1/160, ಎಫ್4, ಐಎಸ್‌ಒ 400. ದಾರದ ತುದಿ ಎರಡಾಗಿ ಸೀಳಿರುವುದೂ ಕಾಣುತ್ತದೆ. ಬೆರಳಿನ ಚರ್ಮದ ಗೆರೆಗಳೂ ಕಾಣುತ್ತವೆ. ಈ ಮೂರು ತಿಂಗಳಲ್ಲಿ ಇಂಥ ಫೋಟೋ ನಾನು ತೆಗೆದಿರಲಿಲ್ಲ.

ಒಂದೇ ಕೊರತೆ. ಅಜ್ಜಿಯ ಕಣ್ಣು ಸ್ವಲ್ಪ ಮಸುಕು.

ಹಳೇ_ಲೆನ್ಸ್:

ಓದಿ ತುಂಬಾ ಖುಷಿಯಾಯಿತು. ಸೂಜಿ ಹಿಡಿದ ಕೈ ಮುಖಕ್ಕಿಂತ ಒಂದು ಗೇಣು ಮುಂದೆ ಇತ್ತು ಅಲ್ವಾ? ಆಟೋ ಹತ್ತಿರ ಇದ್ದದ್ದನ್ನು ಹಿಡಿಯಿತು. ಅಷ್ಟು ಹತ್ತಿರದಿಂದ ಎಫ್4ರಲ್ಲಿ ತೆಗೆದಾಗ ಒಂದು ಗೇಣಿನಷ್ಟು ಆಳ ಪೂರ್ತಿ ಸ್ಪಷ್ಟವಾಗಿ ಬರುವುದು ಕಷ್ಟ. ನನ್ನನ್ನು ಕೇಳಿದರೆ ಆ ಫೋಟೋದಲ್ಲಿ ಕೈಗೇ ಫೋಕಸ್ ಸರಿ, ಅಲ್ಲಿ ನಡೆಯುತ್ತಿರುವ ಕೆಲಸ ಕೈಯದ್ದು. ನಿಮಗೆ ಯಾವುದು ಬೇಕಿತ್ತು?

ಕಿಟಕಿ_ಪಕ್ಕ:

ಎರಡೂ ಬೇಕಿತ್ತು ಸರ್.

ಮೂರು_ಕಾಲು:

ಹಾಗಾದರೆ ಎದುರಿಗೆ ಕೂರಬೇಡಿ, ಪಕ್ಕಕ್ಕೆ ಬನ್ನಿ. ಪಕ್ಕದಿಂದ ನೋಡಿದರೆ ಕಣ್ಣು, ಸೂಜಿ ಎರಡೂ ಕ್ಯಾಮೆರಾಗೆ ಒಂದೇ ದೂರದಲ್ಲಿ ಇರುತ್ತವೆ. ಕೈಗೆ ಫೋಕಸ್ ಆದರೂ ಕಣ್ಣು ಸ್ಪಷ್ಟ ಬರುತ್ತದೆ. ಡಯಲ್ ಮುಟ್ಟುವುದೇ ಬೇಡ.

ಕಿಟಕಿ_ಪಕ್ಕ:

ನಾಳೆ ಬೆಳಿಗ್ಗೆ ಮಗಳ ಅಂಗಿಗೆ ಗುಂಡಿ ಹೊಲಿಯುವುದಿದೆ ಅಂದಿದ್ದಾರೆ. ಅಜ್ಜಿಯ ಎಡಗಡೆ ಜಾಗ ಖಾಲಿ ಮಾಡಿ ಇಟ್ಟಿದ್ದೇನೆ.